ಎಂದಿನಂತೆ ಒಂದನೇ ನಂಬರ್ ಕೋಣೆ

ಆ ಏಪ್ರಿಲ್‌ನಲ್ಲಿ ಗೆರ್ಲಿಂಡ ಫ್ರೊಮ್ಮರ್‌ಗೆ ಲೋಕದ ಮೇಲೆಲ್ಲ ಸಿಟ್ಟು. ಮೊದಲು ತನ್ನ ಬಲಮಂಡಿಯ ಮೇಲೆ. ಆಮೇಲೆ ಮನೆಯ ಮೆಟ್ಟಿಲುಗಳ ಮೇಲೆ, ಅವನ್ನು ಏಣಿಯ ಹಾಗೆ ನೆಟ್ಟಗೆ ನಿಲ್ಲಿಸಿ ಶತಮಾನಗಳ ಹಿಂದೆಯೇ ಸತ್ತುಹೋದ ಬಡಗಿಯ ಮೇಲೆ, ಹಳೆಯ ಮನೆಯ ಒಂದು ತೊಲೆಯನ್ನೂ ಮುಟ್ಟಬಾರದು, ಲಿಫ್ಟಿನ ಮಾತೇ ಎತ್ತಬಾರದು ಎನ್ನುವ ಕಾನೂನಿನ ಮೇಲೆ. ಇವರೆಲ್ಲರಿಗಿಂತ ಹೆಚ್ಚಿನ ಸಿಟ್ಟು ಒಂದನೇ ನಂಬರ್ ಕೋಣೆಯಲ್ಲಿ ಕೂತು ಶಾಂತವಾಗಿ ಪೆನ್ಸಿಲ್ ಕೆತ್ತುತ್ತಿದ್ದ ಡಾಕ್ಟರ್ ಕ್ನೋಡ್ಲರ್ ಮೇಲೆ. ಆ ಮನುಷ್ಯ ಒಂದು ತಪ್ಪನ್ನೂ ಮಾಡಿರಲಿಲ್ಲ. ಸಿಟ್ಟು ಬರಲು ಅದೂ ಒಂದು ಕಾರಣ.

ಟ್ಯೂಬಿಂಗನ್‌ನ ದೊಡ್ಡ ಚರ್ಚಿನ ಪಕ್ಕದಲ್ಲಿ ನೆಕ್ಕಾರ್ ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ಫ್ರೊಮ್ಮರ್ ಹೋಟೆಲ್ ಇದೆ. ಅಗಲ ಕಡಿಮೆ, ಎತ್ತರ ಜಾಸ್ತಿ. ಎರಡು ಮನೆಗಳ ನಡುವೆ ಉಸಿರು ಬಿಗಿಹಿಡಿದು ನಿಂತಂಥ ಮನೆ. ನೆಲಮಟ್ಟದಲ್ಲಿ ಅಡುಗೆಮನೆ, ತಿಂಡಿಯ ಹಜಾರ, ಅದಕ್ಕಂಟಿಕೊಂಡು ಒಂದನೇ ನಂಬರ್ ಕೋಣೆ. ಉಳಿದ ಕೋಣೆಗಳೆಲ್ಲ ಮೇಲೆ. ಅವುಗಳಿಗೂ ಮೇಲೆ, ಹೆಂಚಿನ ಕೆಳಗಿನ ಅಟ್ಟದಲ್ಲಿ ಗೆರ್ಲಿಂಡಳ ವಾಸ. ಆಕೆ ಹುಟ್ಟಿದ್ದು ಈ ಮನೆಯಲ್ಲೇ. ಮದುವೆಯಾಗಿ ಬೇರೆಡೆ ಹೋಗಲಿಲ್ಲ, ಗಂಡ ಹೆಲ್ಮುಟ್‌ನೇ ಮನೆ ಅಳಿಯನಾಗಿ ಬಂದ. ಅವನು ತೀರಿಕೊಂಡ ಮೇಲೂ ಆಕೆ ಅಟ್ಟ ಬಿಟ್ಟು ಇಳಿಯಲಿಲ್ಲ. ಒಳ್ಳೆಯ ಕೋಣೆ ಅತಿಥಿಗೆ, ಮಿಕ್ಕಿದ್ದು ಮನೆಯವರಿಗೆ ಎನ್ನುವುದು ಅಮ್ಮನ ಕಾಲದ ಕಟ್ಟಳೆ.

ಅಮ್ಮನ ಕಟ್ಟಳೆಗಳು ಒಂದೆರಡಲ್ಲ. ಅವುಗಳಲ್ಲಿ ಮುಖ್ಯವಾದದ್ದನ್ನು ಆ ಮಹಾತಾಯಿ ಬಿಳಿ ಬಟ್ಟೆಯ ಮೇಲೆ ಕೆಂಪು ನೂಲಿನಲ್ಲಿ ಹೊಲಿದು, ಚೌಕಟ್ಟು ಹಾಕಿಸಿ, ತಿಂಡಿಯ ಹಜಾರದ ಗೋಡೆಗೆ ತಗುಲಿಸಿದ್ದಳು: ‘ಬೈಯಲಿಲ್ಲವೆಂದರೆ ಹೊಗಳಿದ ಹಾಗೆ.’ ಶ್ವಾಬಿಯಾ ಸೀಮೆಯಲ್ಲಿ ಇದು ಬರೀ ಗಾದೆಯಲ್ಲ, ಬದುಕುವ ರೀತಿ. ಗಂಡ ತಟ್ಟೆ ಖಾಲಿ ಮಾಡಿ ಎದ್ದುಹೋದರೆ ಅಡುಗೆ ಚೆನ್ನಾಗಿತ್ತು ಎಂದರ್ಥ. ಅತಿಥಿ ಮರುವರ್ಷ ಮತ್ತೆ ಬಂದರೆ ಹೋಟೆಲು ಸ್ವರ್ಗ ಎಂದರ್ಥ. ‘ಹೇಗಿತ್ತು?’ ಎಂದು ಕೇಳುವುದು ಹೊಗಳಿಕೆಗೆ ಕೈಯೊಡ್ಡಿದ ಹಾಗೆ, ಭಿಕ್ಷೆಗಿಂತ ಕಡೆ. ಗೆರ್ಲಿಂಡ ತನ್ನ ಜನ್ಮದಲ್ಲಿ ಒಬ್ಬ ಅತಿಥಿಯನ್ನೂ ಹಾಗೆ ಕೇಳಿದವಳಲ್ಲ.

ಅತಿಥಿಗಳಾದರೂ ಎಂಥವರು! ಅಕ್ಟೋಬರ್ ಬಂತೆಂದರೆ ಮಗನನ್ನು ಯೂನಿವರ್ಸಿಟಿಗೆ ಸೇರಿಸಲು ಬರುವ ತಾಯಂದಿರು. ಮಗ ಆರಡಿ ಬೆಳೆದಿರುತ್ತಾನೆ, ತಾಯಿ ಅವನ ಬನಿಯನ್ ಬಗ್ಗೆ ಗೆರ್ಲಿಂಡಳ ಹತ್ತಿರ ಚರ್ಚಿಸುತ್ತಾಳೆ. ಬೇಸಿಗೆಯಲ್ಲಿ ಇಲ್ಲಿ ಓದಿಹೋದ ಮುದುಕರು. ಓಣಿಯ ಗೋಡೆ ಸವರುತ್ತಾರೆ, ‘ಏನೂ ಬದಲಾಗಿಲ್ಲ, ಏನೂ ಬದಲಾಗಿಲ್ಲ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಬದಲಾಗಿಲ್ಲ ಸರಿ, ಆ ಬದಲಾಗದ ಮನೆಯಲ್ಲಿ ಬಕೆಟ್ ಹಿಡಿದು ಮೇಲೆ ಕೆಳಗೆ ಓಡಾಡುವವರ ಮಂಡಿ ಬದಲಾಗಿದೆಯಲ್ಲ, ಅದನ್ನು ಯಾರೂ ಸವರುವುದಿಲ್ಲ.

ಚಳಿಗಾಲದಲ್ಲಿ ಮೂಳೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು, ಇನ್ನು ಮೆಟ್ಟಿಲು ಬಂದ್. ಅಂದಿನಿಂದ ತಂಗಿಯ ಮಗಳು ಸಿಲ್ಕೆ ಬೆನ್ನು ಹತ್ತಿದ್ದಳು. ಪಕ್ಕದ ರಾಯ್ಟ್ಲಿಂಗನ್ ಊರಿನಲ್ಲಿ ವಯಸ್ಸಾದವರಿಗೆಂದೇ ಕಟ್ಟಿದ ಮನೆಗಳು, ಲಿಫ್ಟ್, ನರ್ಸ್, ಗಂಟೆ ಒತ್ತಿದರೆ ಕಾಫಿ. ಒಂದು ಮನೆಯನ್ನು ಸಿಲ್ಕೆ ಹಿಡಿದಿಟ್ಟಿದ್ದಳು. ಮೇ ತಿಂಗಳ ಕೊನೆಗೆ ಹೂಂ ಅಥವಾ ಊಹೂಂ ಹೇಳಬೇಕು.

“ದೊಡ್ಡಮ್ಮಾ, ಕೋಪ ಮಾಡ್ಕೋಬೇಡ. ಅಟ್ಟ ಹತ್ತೋಕಾಗಲ್ಲ ಅಂದ್ರೆ ಆ ಮನೇಲಿ ನೀನೆಲ್ಲಿ ಮಲಗ್ತೀಯ, ಒಲೆ ಮೇಲಾ?” ಎಂದಳು ಫೋನಿನಲ್ಲಿ.

“ರಾಯ್ಟ್ಲಿಂಗನ್ನಾ? ಟ್ಯೂಬಿಂಗನ್‌ನಲ್ಲಿ ಹುಟ್ಟಿದೋಳು ರಾಯ್ಟ್ಲಿಂಗನ್‌ಗೆ ಸಾಯೋಕೆ ಹೋಗ್ಬೇಕಾ? ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ.”

“ಹಾಗಾದ್ರೆ ಒಂದನೇ ನಂಬರ್‌ಗೆ ಇಳಿ. ಮೆಟ್ಟಿಲೇ ಇಲ್ಲ. ನಿನ್ನದೇ ಮನೆ, ನಿನ್ನದೇ ಕೋಣೆ.”

“ಒಂದನೇ ನಂಬರ್ ಡಾಕ್ಟರ್ ಕ್ನೋಡ್ಲರ್‌ದು.”

“ಅವರೇನು ಕೊಂಡ್ಕೊಂಡಿದಾರಾ?”

ಕೊಂಡುಕೊಂಡಿರಲಿಲ್ಲ. ಆದರೆ ಕೊಂಡುಕೊಂಡವರಿಗೂ ಇಲ್ಲದ ಹಕ್ಕು ಅವರಿಗಿತ್ತು. ಕ್ನೋಡ್ಲರ್ ಡಾಕ್ಟರೇಟ್ ಪಡೆದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬೆಟ್ಟದ ಮೇಲಿನ ಒಂದು ಹಳ್ಳಿಯಿಂದ ಸುಮಾರು ಇಪ್ಪತ್ತು ವರ್ಷಗಳಿಂದ ಏಪ್ರಿಲ್‌ಗೆ ಒಬ್ಬರೇ ಬರುತ್ತಾರೆ, ಯೂನಿವರ್ಸಿಟಿಯ ಬೇಸಿಗೆ ಪಾಠ ಮುಗಿಯುವವರೆಗೆ ಇರುತ್ತಾರೆ. ಲೈಬ್ರರಿಯಲ್ಲಿ ಕೂತು ಈ ಊರಿನ ಹಳೆಯ ಬಾವಿಗಳ ಮೇಲೆ ಪುಸ್ತಕ ಬರೆಯುತ್ತಾರೆ. ಊರಿನಲ್ಲಿ ಇದ್ದದ್ದೇ ನಾಲ್ಕಾರು ಬಾವಿ, ಪುಸ್ತಕ ಮಾತ್ರ ಮುಗಿದಿಲ್ಲ. ಹೊರಡುವ ದಿನ ಬಾಗಿಲಲ್ಲಿ ಟೋಪಿ ಎತ್ತಿ, “ಮುಂದಿನ ವರ್ಷ?” ಎನ್ನುತ್ತಾರೆ. “ಎಂದಿನ ಹಾಗೆ,” ಎನ್ನುತ್ತಾಳೆ ಗೆರ್ಲಿಂಡ. ಅಷ್ಟೇ ಕರಾರು. ಬಂದ ದಿನ “ನಿಮ್ಮ ಕೋಣೆ ಎಂದಿನ ಹಾಗೆ ಸಿದ್ಧವಿದೆ,” ಎನ್ನುತ್ತಾಳೆ. ಹಸಿರು ಪರದೆ, ಕಿಟಕಿಯ ಹತ್ತಿರ ಅದೇ ಕುರ್ಚಿ, ಬೆಳಿಗ್ಗೆ ತಿಂಡಿಗೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಬ್ರೆಡ್ಡಿನ ಜೊತೆ ಕ್ವಿನ್ಸ್ ಹಣ್ಣಿನ ಜಾಮ್.

ಆ ಜಾಮಿನ ವಿಚಾರ ಬಂದರೆ ಗೆರ್ಲಿಂಡಳ ಹೊಟ್ಟೆ ಉರಿಯುತ್ತದೆ. ಕ್ವಿನ್ಸ್ ಎಂದರೆ ಹಣ್ಣಲ್ಲ, ಹಳದಿ ಬಣ್ಣ ಬಳಿದ ಕಲ್ಲು. ಪ್ರತಿ ಶರತ್ಕಾಲದಲ್ಲೂ ಅದರ ಮೈಮೇಲಿನ ನವಿರು ತುಪ್ಪಳ ಒರೆಸಿ, ಕತ್ತಿ ಜಾರಿ ಕೈ ಕೊಯ್ದುಕೊಂಡು, ಗಂಟೆಗಟ್ಟಲೆ ಕುದಿಸಿ, ಸೀಸೆ ತುಂಬಿ, ಕೆಳಗೆ ಜಾಗವಿಲ್ಲದ್ದರಿಂದ ಅಟ್ಟದ ಮೂಲೆಯಲ್ಲಿಡಬೇಕು. ಬೇರೆ ಅತಿಥಿಗಳಿಗೆ ಅಂಗಡಿಯ ಸ್ಟ್ರಾಬೆರಿ ಜಾಮ್ ನಡೆಯುತ್ತದೆ. ಕ್ನೋಡ್ಲರ್ ಮಾತ್ರ ಮೊದಲ ವರ್ಷ ಕ್ವಿನ್ಸ್ ಜಾಮನ್ನು ತಟ್ಟೆಯಲ್ಲಿ ಉಳಿಯದಂತೆ ತಿಂದಿದ್ದರು. ಅಂದಮೇಲೆ ಇಷ್ಟವೆಂದು ತಾನೇ ಅರ್ಥ?

ಕ್ನೋಡ್ಲರ್ ಬಂದಿಳಿದ ದಿನವೇ ಹೇಳಿಬಿಡಬೇಕೆಂದು ಗೆರ್ಲಿಂಡ ನಿಶ್ಚಯಿಸಿದ್ದಳು. ಬಾಗಿಲಲ್ಲಿ ನಿಂತು ಬಾಯಿ ತೆರೆದಳು. ಬಾಯಿ ತನ್ನಷ್ಟಕ್ಕೆ ತಾನೇ “ನಿಮ್ಮ ಕೋಣೆ ಎಂದಿನ ಹಾಗೆ ಸಿದ್ಧವಿದೆ,” ಎಂದಿತು. ಮಾರನೆಯ ದಿನ ಕಾಫಿ ಸುರಿಯುತ್ತ, “ಹೆರ್ ಡಾಕ್ಟರ್, ಮೇಲಿನ ಕೋಣೆಗಳಿಗೆ ಗಾಳಿ ಬೆಳಕು ಜಾಸ್ತಿ,” ಎಂದಳು. “ಹೌದೇನು,” ಎಂದರು ಅವರು. ಇನ್ನೊಂದು ದಿನ, “ಒಂದನೇ ನಂಬರ್‌ನಲ್ಲಿ ಸ್ವಲ್ಪ ತೇವ ಅನ್ಸುತ್ತೆ, ಅಲ್ವಾ?” ಎಂದಳು. ಕ್ನೋಡ್ಲರ್ ಗಾಬರಿಯಿಂದ, “ಇಲ್ಲ ಇಲ್ಲ, ನನ್ನದೇನೂ ದೂರಿಲ್ಲ ಫ್ರೌ ಫ್ರೊಮ್ಮರ್!” ಎಂದು ಎರಡು ಚಮಚ ಜಾಮ್ ಹೆಚ್ಚಾಗಿಯೇ ಬಡಿಸಿಕೊಂಡರು. ಗೆರ್ಲಿಂಡಳಿಗೆ ಮೈ ಪರಚಿಕೊಳ್ಳುವಂತಾಯಿತು.

ಕೋಣೆಗಳನ್ನು ಗುಡಿಸಲು ಬರುವ ಕ್ರೊವೇಶಿಯಾದ ದ್ರಾಗಿತ್ಸಳಿಗೆ ಈ ನಾಟಕ ನೋಡಿ ನೋಡಿ ಸಾಕಾಗಿತ್ತು.

“ಅಮ್ಮಾವ್ರೇ, ನೇರವಾಗಿ ಹೇಳಿ. ‘ನನ್ನ ಕಾಲು ನೋಯ್ತಿದೆ, ಕೋಣೆ ಬಿಡಿ.’ ನಮ್ಮೂರಲ್ಲಾದ್ರೆ ಇಷ್ಟೊತ್ತಿಗೆ ಹೇಳಿ, ಜಗಳ ಆಡಿ, ಅತ್ತು, ಒಟ್ಟಿಗೆ ಊಟಾನೂ ಮಾಡ್ಬಿಟ್ಟಿರ್ತಿದ್ವಿ.”

“ನಿಮ್ಮೂರಲ್ಲಿ ಅಲ್ವಲ್ಲ ಇರೋದು. ಆ ವಯಸ್ಸಾದ ಮನುಷ್ಯನ್ನ ಮೆಟ್ಟಿಲು ಹತ್ತಿ ಅನ್ನೋದು ಹ್ಯಾಗೆ?”

“ವಯಸ್ಸಾದ ಮನುಷ್ಯ ದಿನಾ ಸಂಜೆ ಕೋಟೆ ಗುಡ್ಡ ಹತ್ತಿ ಇಳೀತಾರೆ. ಒಂದ್ಸಲ ಜೊತೇಲಿ ಹೊರಟು ನಾನೇ ಹಿಂದೆ ಉಳಿದಿದೀನಿ.”

“ಅದು ಅವರ ಸ್ವಂತ ಗುಡ್ಡ,” ಎಂದಳು ಗೆರ್ಲಿಂಡ. ಅದಕ್ಕೇನರ್ಥ ಎಂದು ಆಕೆಗೂ ಗೊತ್ತಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟಬೇಕಾದವಳು ತಾನೇ, ಗಂಟೆಯೂ ತನ್ನ ಕೈಯಲ್ಲೇ ಇದೆ, ಆದರೂ ಕೈ ಏಳುತ್ತಿರಲಿಲ್ಲ. ಮೇ ತಿಂಗಳು ಅರ್ಧ ಕಳೆಯಿತು. ಸಿಲ್ಕೆ ಫೋನ್ ಮಾಡಿದಾಗಲೆಲ್ಲ ಗೆರ್ಲಿಂಡ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಹಜಾರ ತುಂಬಿತ್ತು. ಯಾವುದೋ ಸಮ್ಮೇಳನಕ್ಕೆ ಬಂದವರು ಕೋಣೆಗಳನ್ನೆಲ್ಲ ಹಿಡಿದಿದ್ದರು. ಕ್ನೋಡ್ಲರ್ ಮೇಜಿನ ಮೇಲಿನ ಜಾಮ್ ಸೀಸೆ ತಳ ಕಂಡಿತ್ತು. ದ್ರಾಗಿತ್ಸ ಇನ್ನೂ ಬಂದಿರಲಿಲ್ಲ. ಗೆರ್ಲಿಂಡ ಹಲ್ಲು ಕಚ್ಚಿ ಅಟ್ಟ ಹತ್ತಿದಳು, ಹೊಸ ಸೀಸೆ ತೆಗೆದುಕೊಂಡಳು, ಇಳಿಯುವಾಗ ಮೆಟ್ಟಿಲಿನ ತಿರುವಿನಲ್ಲಿ ಮಂಡಿ ‘ಕಟಕ್’ ಎಂದು ಹಿಡಿದುಕೊಂಡಿತು. ಹಾಗೇ ಕುಸಿದು ಕೂತಳು. ಮೇಲೆ ಹೋಗಲಾರಳು, ಕೆಳಗೆ ಬರಲಾರಳು, ಮಡಿಲಲ್ಲಿ ಜಾಮ್.

ಸಮ್ಮೇಳನದವನೊಬ್ಬ ಬ್ಯಾಗ್ ಹಿಡಿದು ಇಳಿದು ಬಂದ. “ಶುಭೋದಯ,” ಎಂದು ಅತಿ ವಿನಯದಿಂದ ಅವಳ ಕಾಲನ್ನು ದಾಟಿಕೊಂಡು ಹೋದ. ಅವನ ಹಿಂದೆ ಬಂದ ಹೆಂಗಸು, “ಕೂತು ಸುಧಾರಿಸ್ಕೊಳ್ತಿದೀರಾ? ಒಳ್ಳೇದು, ದಿನಾ ಸ್ವಲ್ಪ ಹೊತ್ತು ಹೀಗೆ ಕೂರ್ಬೇಕು,” ಎಂದು ಹೋದಳು. ಓದಿದವರ ಊರು! ಮನೆಗೊಬ್ಬ ಪಂಡಿತ, ಓಣಿಗೊಬ್ಬ ಡಾಕ್ಟರು, ಆದರೆ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಸುಮ್ಮನೆ ಕೂರುವವಳಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕೂಗಿ ಕರೆಯೋಣವೆಂದರೆ ಅತಿಥಿಗಳನ್ನು ಕೂಗಿ ಕರೆಯುವುದು ಅಮ್ಮನ ಕಟ್ಟಳೆಯಲ್ಲಿಲ್ಲ.

ಕೊನೆಗೆ ಕ್ನೋಡ್ಲರ್ ತಾವೇ ಹುಡುಕಿಕೊಂಡು ಬಂದರು. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತ ಬಂದರು. ಅದನ್ನು ನೋಡಿಯೇ ಗೆರ್ಲಿಂಡಳ ನೆತ್ತಿ ಬಿಸಿಯಾಯಿತು.

“ಫ್ರೌ ಫ್ರೊಮ್ಮರ್, ಇಲ್ಲ್ಯಾಕೆ ಕೂತ್ರಿ?”

“ಗಾಳಿ ತಗೊಳ್ತಿದೀನಿ! ಕಾಣಲ್ವಾ? ಮಂಡಿ ಹಿಡ್ಕೊಂಡಿದೆ.”

“ಅಯ್ಯೋ. ಈ ಮಂಡಿ ಇಟ್ಕೊಂಡು ಮೇಲೆ ಯಾಕೆ ಹತ್ತಿದ್ರಿ?”

ಗೆರ್ಲಿಂಡಳ ಒಳಗೆ ಅಷ್ಟು ದಿನದಿಂದ ಕುದಿಯುತ್ತಿದ್ದದ್ದು ಉಕ್ಕಿತು.

“ಯಾಕಾ? ನಿಮ್ಮ ಜಾಮ್‌ಗೆ! ನಿಮ್ಮ ಸುಡುಗಾಡು ಜಾಮ್‌ಗೆ! ಯಾಕಂದ್ರೆ ನಾನಿರೋದು ಮೇಲೆ, ಜಾಮ್ ಇರೋದು ಮೇಲೆ, ನೀವಿರೋದು ಕೆಳಗೆ! ನನಗೆ ನಿಮ್ಮ ಕೋಣೆ ಬೇಕು, ಹೆರ್ ಡಾಕ್ಟರ್. ಒಂದನೇ ನಂಬರ್. ಅದು ಸಿಕ್ಕಿಲ್ಲ ಅಂದ್ರೆ ಈ ತಿಂಗಳ ಕೊನೆಗೆ ನನ್ನನ್ನ ರಾಯ್ಟ್ಲಿಂಗನ್‌ಗೆ ಸಾಗಿಸ್ತಾರೆ. ಹೇಳ್ಬೇಕು ಹೇಳ್ಬೇಕು ಅಂತ ಬಂದ ದಿನದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಈಗ ಹೇಳಿದೀನಿ. ಬೇಜಾರಾದ್ರೆ ಆಗಿ!”

ಅತಿಥಿಗೆ ಈ ಮನೆಯಲ್ಲಿ ಇಂಥ ಮಾತು ಯಾರೂ ಆಡಿರಲಿಲ್ಲ. ಕ್ನೋಡ್ಲರ್ ಕನ್ನಡಕ ತೆಗೆದು ಒರೆಸಿದರು. ಆಕೆಯ ಕೆಳಗಿನ ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು.

“ದೇವರು ದೊಡ್ಡೋನು,” ಎಂದರು.

“ಏನಂದ್ರಿ?”

“ಆ ಕೋಣೆ ನನಗೆ ಮೊದಲ ದಿನದಿಂದ ಆಗಿಬರಲ್ಲ ಫ್ರೌ ಫ್ರೊಮ್ಮರ್. ಚರ್ಚಿನ ಗಂಟೆ ಕಾಲು ಗಂಟೆಗೊಂದ್ಸಲ ಹಾಸಿಗೆ ಮೇಲೇ ಬಡಿದ ಹಾಗೆ ಬಡಿಯುತ್ತೆ. ತಲೆದಿಂಬಿನ ಹಿಂದಿನ ಗೋಡೇಲಿ ಒಂದು ಕೊಳವೆ ಇದೆ, ಮೇಲೆ ಯಾರು ನೀರು ಬಿಟ್ರೂ ನರಳುತ್ತೆ. ಬೆಳಿಗ್ಗೆ ನಿಮ್ಮ ಕಾಫಿ ಮೆಷಿನ್ನು. ಕಿಟಕಿ ಹೊರಗೆ ಕಲ್ಲು ಹಾಸಿನ ಮೇಲೆ ಸೂಟ್‌ಕೇಸ್ ಎಳ್ಕೊಂಡು ಹೋಗೋರು. ಬಾವಿ ಪುಸ್ತಕ ಯಾಕೆ ಮುಗಿದಿಲ್ಲ ಅನ್ಕೊಂಡ್ರಿ? ಇಲ್ಲಿದ್ದಷ್ಟು ದಿನ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಲೈಬ್ರರಿಗೆ ಹೋಗಿ ತೂಕಡಿಸ್ತೀನಿ.”

“ಮತ್ತೆ ಪ್ರತಿ ವರ್ಷ ಅದೇ ಕೋಣೆ ತಗೊಂಡ್ರಿ!”

“ತಗೊಂಡಿದ್ದೆಲ್ಲಿ, ನೀವು ಕೊಟ್ರಿ. ಮೊದಲ ವರ್ಷ ಬೇರೆ ಕೋಣೆ ಖಾಲಿ ಇರ್ಲಿಲ್ಲ. ಎರಡನೇ ವರ್ಷ ಬಾಗಿಲಲ್ಲೇ ‘ನಿಮ್ಮ ಕೋಣೆ ಎಂದಿನ ಹಾಗೆ’ ಅಂದ್ರಿ. ನನಗೋಸ್ಕರ ಹಿಡಿದಿಟ್ಟಿದಾರೆ, ಬೇಡ ಅಂದ್ರೆ ಮನಸ್ಸಿಗೆ ನೋವಾಗುತ್ತೆ ಅಂತ...”

ಗೆರ್ಲಿಂಡ ಮಡಿಲಲ್ಲಿದ್ದ ಸೀಸೆಯನ್ನು ನೋಡಿದಳು. ಕೇಳಲು ಭಯವಾಯಿತು, ಕೇಳದೆ ಇರಲಾಗಲಿಲ್ಲ.

“ಜಾಮ್?”

ಕ್ನೋಡ್ಲರ್ ಮುಖ ಕಷಾಯ ಕುಡಿದವರ ಹಾಗಾಯಿತು.

“ನನ್ನ ಕೈ ನೋಡಿ!” ಎಂದು ಗೆರ್ಲಿಂಡ ಹೆಬ್ಬೆರಳು ಚಾಚಿದಳು. ಮೆಟ್ಟಿಲಿನ ಆ ತಿರುವು ಹಿಂದೆಂದೂ ಅಂಥ ದನಿ ಕೇಳಿರಲಿಲ್ಲ. “ಈ ಗಾಯ ನೋಡಿ! ಪ್ರತಿ ವರ್ಷ ಆ ಕಲ್ಲು ಹಣ್ಣು ಕೊಯ್ದು ಕೊಯ್ದು! ಬಾಯಿಗೆ ಬೀಗ ಹಾಕಿತ್ತಾ ನಿಮಗೆ? ಮೇಷ್ಟ್ರಾಗಿದ್ದೋರು, ಜೀವಮಾನ ಎಲ್ಲ ಮಾತಾಡಿ ಅನ್ನ ತಿಂದೋರು, ‘ಜಾಮ್ ಬೇಡ’ ಅನ್ನೋ ಎರಡು ಮಾತು ಬರಲಿಲ್ವಾ?”

“ನಾನೂ ಇದೇ ಸೀಮೆಯವನೇ ಫ್ರೌ ಫ್ರೊಮ್ಮರ್. ತಟ್ಟೇಲಿ ಬಿಡ್ಬಾರ್ದು ಅಂತ ಬೆಳೆಸಿದ್ರು. ಮೇಲಾಗಿ ನಿಮ್ಮ ತಾಯಿಯವರು ನನ್ನ ಮೇಜಿನ ಎದುರಿಗೇ ಹೊಲಿದು ಹಾಕಿದಾರಲ್ಲ. ಬೈಯೋಣ ಅಂತ ತಲೆ ಎತ್ತಿದ್ರೆ ಅದೇ ಕಾಣುತ್ತೆ.”

“ಬೇರೆ ಹೋಟೆಲಿಗೆ ಹೋಗ್ಬಹುದಿತ್ತು. ಊರ ತುಂಬ ಇವೆ.”

ಕ್ನೋಡ್ಲರ್ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು. “ಹೆಂಡತಿ ತೀರಿಕೊಂಡ ವರ್ಷವೇ ನಾನು ಮೊದಲು ಇಲ್ಲಿಗೆ ಬಂದಿದ್ದು. ಮನೇಲಿ ಯಾವುದೂ ಎಂದಿನ ಹಾಗೆ ಇರ್ಲಿಲ್ಲ. ಇಲ್ಲಿ ಬಾಗಿಲು ತೆಗೆದ ಕೂಡ್ಲೇ ಒಬ್ರು ಆ ಮಾತು ಹೇಳ್ತಿದ್ರು. ಅದನ್ನ ಕೇಳೋಕೆ ಬರ್ತಿದ್ದೆ. ಗಂಟೆ, ಕೊಳವೆ, ಜಾಮ್, ಎಲ್ಲ ಅದರ ಜೊತೆ ಬಂತು.”

ಗೆರ್ಲಿಂಡ ಮಡಿಲಿನ ಸೀಸೆಯನ್ನು ಪಕ್ಕದಲ್ಲಿಟ್ಟಳು. ಈ ಮಾತಿಗೂ ಆಕೆಗೆ ಸಿಟ್ಟೇ ಬಂತು.

“ಅದನ್ನಾದ್ರೂ ಹೇಳ್ಬಹುದಿತ್ತಲ್ಲ,” ಎಂದಳು. ದನಿ ಮಾತ್ರ ಇಳಿದಿತ್ತು. “ಈಗ ಕೈ ಕೊಡಿ, ಎಬ್ಬಿಸಿ. ಹಜಾರದಲ್ಲಿ ಕಾಫಿ ಆರಿಹೋಗಿರುತ್ತೆ.”

ಆ ವಾರವೇ ದ್ರಾಗಿತ್ಸ ತನ್ನ ತಮ್ಮನನ್ನು ಕರೆತಂದು ಗೆರ್ಲಿಂಡಳ ಮಂಚ, ಹೆಲ್ಮುಟ್‌ನ ಬೀರು ಎಲ್ಲವನ್ನೂ ಕೆಳಗಿಳಿಸಿದಳು. ಬೀರು ತಿರುವಿನಲ್ಲಿ ಸಿಕ್ಕಿಕೊಂಡಾಗ ಆ ಸತ್ತ ಬಡಗಿಗೆ ಎರಡು ಭಾಷೆಯಲ್ಲಿ ಬೈಗುಳ ಸಂದಿತು. ಕೋಣೆಗಳೆಲ್ಲ ಭರ್ತಿಯಾಗಿದ್ದರಿಂದ ಕ್ನೋಡ್ಲರ್‌ಗೆ ಉಳಿದದ್ದು ಅಟ್ಟ. ಬೇಸಿಗೆಗೆ ಅಲ್ಲೇ ಇರುತ್ತೇನೆಂದರು. ಅಲ್ಲೇನೂ ಸೌಕರ್ಯವಿಲ್ಲ, ಸರಕು ತುಂಬುವ ಜಾಗ ಎಂದು ಗೆರ್ಲಿಂಡ ಮೊದಲೇ ಎಚ್ಚರಿಸಿದಳು. ಸಿಲ್ಕೆಗೆ ಫೋನ್ ಮಾಡಿ, “ರಾಯ್ಟ್ಲಿಂಗನ್‌ನ ಮನೇನ ರಾಯ್ಟ್ಲಿಂಗನ್‌ನೋರಿಗೇ ಕೊಡು,” ಎಂದಳು. ಒಲೆಯ ಮೇಲೆ ಹಾಲಿದೆ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಒಂದನೇ ನಂಬರ್ ಕೋಣೆಯಿಂದ ಹೊರಬಂದವಳ ಮುಖ ನೋಡಿ ದ್ರಾಗಿತ್ಸ ಹಿಂದೆ ಸರಿದಳು. ಕಣ್ಣು ಕೆಂಪಗಿದ್ದವು. ಗಂಟೆ, ಕೊಳವೆ, ಸೂಟ್‌ಕೇಸ್ ಚಕ್ರ, ಒಂದೂ ಸುಳ್ಳಾಗಿರಲಿಲ್ಲ. ನದಿಯ ಕಡೆಗೆ ತೆರೆದ ಅಟ್ಟದಲ್ಲಿ ಆ ಗಂಟೆ ಇಷ್ಟು ಜೋರಾಗಿ ಕೇಳುತ್ತಿರಲಿಲ್ಲ. ಇಂಥದ್ದನ್ನು ಎದೆಯುಬ್ಬಿಸಿಕೊಂಡು ‘ನಿಮ್ಮ ಕೋಣೆ’ ಎಂದು ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ಒಂದು ರಾತ್ರಿಯಾದರೂ ತನ್ನ ಹೋಟೆಲಿನ ಕೋಣೆಯಲ್ಲಿ ತಾನು ಮಲಗಿ ನೋಡಿದವಳಲ್ಲ.

“ಅಮ್ಮಾವ್ರೇ, ಹೊಸ ಕೋಣೆ ಹ್ಯಾಗಿದೆ?” ಎಂದಳು ದ್ರಾಗಿತ್ಸ.

ಗೆರ್ಲಿಂಡ ಗೋಡೆಯ ಮೇಲಿನ ಕೆಂಪು ಅಕ್ಷರಗಳನ್ನೊಮ್ಮೆ ನೋಡಿದಳು. “ದರಿದ್ರ ಕೋಣೆ,” ಎಂದಳು. “ಆದ್ರೂ ರಾಯ್ಟ್ಲಿಂಗನ್ ಅಲ್ಲ.”

ಅಷ್ಟರಲ್ಲಿ ಕ್ನೋಡ್ಲರ್ ಇಳಿದು ಬಂದರು. ಚೆನ್ನಾಗಿ ನಿದ್ದೆ ಮಾಡಿದ ಮನುಷ್ಯನ ಮುಖವನ್ನು ಗೆರ್ಲಿಂಡ ಅವರಲ್ಲಿ ಮೊದಲ ಸಲ ಕಂಡಳು. ಹತ್ತು ವರ್ಷ ಚಿಕ್ಕವರಾಗಿದ್ದರು. ಮೇಜಿನ ಮೇಲೆ ಸ್ಟ್ರಾಬೆರಿ ಜಾಮ್ ಇಟ್ಟು, ಮೊಟ್ಟೆ ಇಟ್ಟು, ಆಕೆ ಹೋಗದೆ ಅಲ್ಲೇ ನಿಂತಳು. ಜನ್ಮದಲ್ಲಿ ಕೇಳದ ಪ್ರಶ್ನೆ ಕೇಳಿದಳು.

“ಮೊಟ್ಟೆ ಹೇಗಿದೆ?”

ಕ್ನೋಡ್ಲರ್ ಚಮಚದಿಂದ ತಟ್ಟಿ, ತಿಂದು, ಯೋಚಿಸಿದರು. “ನಿಜ ಹೇಳ್ಲಾ? ಗಟ್ಟಿ. ಮೊದಲಿಂದಲೂ ಗಟ್ಟಿ.”

“ಮೊದಲಿಂದಲೂ! ಮೆತ್ತಗೆ ಬೇಕಿತ್ತಾ ನಿಮಗೆ?”

“ಹಳದಿ ಸ್ವಲ್ಪ ಹರೀತಿದ್ರೆ...”

“ಇನ್ನೇನೇನು ಮುಚ್ಚಿಟ್ಟಿದೀರಿ? ಇವತ್ತೇ ಎಲ್ಲ ಕಕ್ಕಿಬಿಡಿ. ಅಟ್ಟ? ಅದರಲ್ಲೇನು ಕೊರತೆ ಕಂಡ್ರಿ?”

ಕ್ನೋಡ್ಲರ್ ಚಮಚ ಕೆಳಗಿಟ್ಟರು. “ಅಟ್ಟದಲ್ಲಾ? ಫ್ರೌ ಫ್ರೊಮ್ಮರ್, ಅದನ್ನ ಬಿಟ್ಟು ಹ್ಯಾಗೆ ಕೆಳಗೆ ಬಂದ್ರಿ ನೀವು? ಕಿಟಕಿ ಅಡ್ಡಕ್ಕೆ ಕಟ್ಟಿದ್ದ ಬಟ್ಟೆ ಹಗ್ಗ ಬಿಚ್ಚಿದೆ. ನೆಕ್ಕಾರ್ ಪೂರ್ತಿ ಕಾಣುತ್ತೆ. ನಡುಗಡ್ಡೆ ಮರಗಳೆಲ್ಲ ಎಳೇ ಎಲೆ ಬಿಟ್ಟಿವೆ. ಹುಡುಗರು ದೋಣಿಗಳನ್ನ ಬಿಚ್ಚಿ ಗಳ ಹಾಕ್ತಿದ್ರು. ಆಚೆ ದೂರದಲ್ಲಿ ಗುಡ್ಡದ ನೆತ್ತಿ ಮೇಲೆ ಆ ಪುಟ್ಟ ಪ್ರಾರ್ಥನಾ ಮಂದಿರ. ಬೆಳಿಗ್ಗೆ ಮೊದಲ ಬಿಸಿಲು ಅದಕ್ಕೇ ಬಿತ್ತು. ನಾನು ಕೂತೇ ಬಿಟ್ಟೆ. ತಿಂಡೀನೇ ಮರೆತಿದ್ದೆ.”

ಗೆರ್ಲಿಂಡ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಆ ಕಿಟಕಿ ಆಕೆಗೆ ಗೊತ್ತು. ಅದರ ಮುಂದೆ ಮದುವೆಯಾದ ವರ್ಷದಿಂದ ಬಟ್ಟೆ ಒಣಹಾಕಿದ್ದಳು. ಎದ್ದಾಗ ಕತ್ತಲು, ಮಲಗಲು ಹೋದಾಗ ಕತ್ತಲು, ನಡುವೆ ಹತ್ತಿದರೆ ಜಾಮ್ ಸೀಸೆಗೆ, ಒಗೆದ ದುಪ್ಪಟಿಗೆ. ಹೆಲ್ಮುಟ್ ಒಮ್ಮೆ, ‘ಆ ಹಗ್ಗ ತೆಗಿ, ನದಿ ನೋಡೋಣ,’ ಎಂದಿದ್ದ. ನಾಳೆ ಎಂದಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಆಕೆಗೆ ತಲೆಯ ಮೇಲಿನ ಕಿಟಕಿಯೂ ಕಿಟಕಿಯಾಗಿರಲಿಲ್ಲ. ಈಗ ಹೋಗಿ ನೋಡೋಣವೆಂದರೆ ನಡುವೆ ಆ ಮೆಟ್ಟಿಲುಗಳು. ಆಕೆಗೆ ಅಳು ಬಂತು. ಅತಿಥಿಗಳ ಮುಂದೆ ಅಳುವ ಪೈಕಿಯಲ್ಲವಾದ್ದರಿಂದ ಕ್ನೋಡ್ಲರ್ ಮುಂದಿದ್ದ ಮೊಟ್ಟೆಯನ್ನು ಸರಕ್ಕನೆ ಎತ್ತಿಕೊಂಡಳು.

“ಬೇರೆ ತರ್ತೀನಿ, ಮೆತ್ತಗೆ. ನಾಳೆಯಿಂದ ಇಳಿದು ಬಂದ ಕೂಡ್ಲೇ ಹೊರಗೆ ಏನೇನಿತ್ತು ಅಂತ ಒಂದೂ ಬಿಡದೆ ಹೇಳ್ಬೇಕು. ದೋಣಿ, ಮರ, ಬಿಸಿಲು, ಎಲ್ಲ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದಕ್ಕೆ ಇದೇ ನಿಮಗೆ ದಂಡ.”

“ಆಗ್ಲಿ,” ಎಂದರು ಕ್ನೋಡ್ಲರ್. ಆಕೆ ಅಡುಗೆಮನೆಯ ಬಾಗಿಲು ತಲುಪಿದಾಗ ಹಿಂದಿನಿಂದ ಮೆಲ್ಲಗೆ ಕೇಳಿದರು: “ಮುಂದಿನ ವರ್ಷ?”

“ಅಟ್ಟ,” ಎಂದಳು ಗೆರ್ಲಿಂಡ ತಿರುಗಿ ನೋಡದೆ. “ಹಗ್ಗ ಇಲ್ಲದೆ.”